ಮುಚ್ಚುವಿನಿಂದ ಮಿಸ್ಟರಿ ಹುಟ್ಟಲಿಲ್ಲ

ಇಂಗ್ಲಿಷಿನ ಮಿಸ್ಟರಿ ಎಂಬ ಪದ ನಮ್ಮ 'ಮುಚ್ಚು' ಧಾತುವಿನಿಂದಲೇ ಬಂದದ್ದು ಎಂದು ಸಾಧಿಸುವ ಪತ್ರಗಳು ನಿಘಂಟಿನ ಕೆಲಸ ಮಾಡುವವರಿಗೆ ತಪ್ಪದೆ ಬರುತ್ತವೆ. ವಾದ ಸರಳ. ಮಿಸ್ಟರಿಯ ಬೇರು ಗ್ರೀಕಿನಲ್ಲಿದೆ, ಗ್ರೀಕಿನ 'ಮ್ಯುಯೊ' ಎಂದರೆ ಮುಚ್ಚುವುದು, ಕನ್ನಡದ ಮುಚ್ಚು ಎಂದರೂ ಅದೇ, ಇನ್ನೇನು ಬೇಕು? ಮಂಜು ಎಂಬ ಅರ್ಥದ 'ಮಿಸ್ಟ್'ನಿಂದ ಮಿಸ್ಟರಿ ಬಂತು ಎನ್ನುವವರು ಬೇರೆ. ಕಟ್ಟಡದ ಗುತ್ತಿಗೆದಾರರೊಬ್ಬರು ಮೇಸ್ತ್ರಿಯೇ ಮಿಸ್ಟರಿಯ ಮೂಲ ಎಂದು ಬರೆದಿದ್ದರು. ಗೋಡೆಯೊಳಗೆ ಏನು ಹುದುಗಿದೆ ಎಂಬುದು ಮೇಸ್ತ್ರಿಗೆ ಮಾತ್ರ ಗೊತ್ತಿರುತ್ತದೆ ಎಂಬುದು ಅವರು ಕೊಟ್ಟ ಕಾರಣ. ಆ ಪತ್ರವನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ, ಅದರ ಮಾತಿಗೆ ಆಮೇಲೆ ಬರುತ್ತೇನೆ.

ಇಂಥ ಪತ್ರ ಬರೆಯುವವರು ಭಾಷೆಯನ್ನು ಪ್ರೀತಿಸುವವರು. ರಾತ್ರಿ ಕುಳಿತು ಪದಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಜನ ಇರುವುದರಿಂದಲೇ ನಮ್ಮ ಕೆಲಸಕ್ಕೆ ಬೆಲೆ. ಆದರೆ ಸದ್ದು ಹೋಲಿತು, ಅರ್ಥ ಹೊಂದಿತು, ಆದ್ದರಿಂದ ಹುಟ್ಟು ಗೊತ್ತಾಯಿತು ಎಂಬ ಈ ಅವಸರವನ್ನು ಕಂಡರೆ ನನ್ನ ತಾಳ್ಮೆ ತಪ್ಪುತ್ತದೆ.

ಮೊದಲು ಗ್ರೀಕಿನ ಸಂಗತಿ. ಅಥೆನ್ಸ್‌ನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಎಲ್ಯೂಸಿಸ್ ಎಂಬ ಊರಿದೆ. ಧಾನ್ಯದೇವತೆ ದಿಮೀಟರ್ ಮತ್ತು ಅವಳ ಮಗಳು ಪರ್ಸೆಫೊನೆಯ ಹೆಸರಿನಲ್ಲಿ ಅಲ್ಲಿ ಪ್ರತಿ ಶರತ್ಕಾಲದಲ್ಲಿ ದೀಕ್ಷೆ ನಡೆಯುತ್ತಿತ್ತು. ದೀಕ್ಷೆ ಬಯಸಿದವರು ಬಲಿಗಾಗಿ ತಂದ ಹಂದಿಮರಿಯೊಡನೆ ಸಮುದ್ರಸ್ನಾನ ಮಾಡಿ, ಉಪವಾಸವಿದ್ದು, ಅಥೆನ್ಸ್‌ನಿಂದ ಮೆರವಣಿಗೆಯಲ್ಲಿ ನಡೆದು ಬರುತ್ತಿದ್ದರು. ಜವೆಗೋಧಿಗೆ ಪುದೀನದ ಜಾತಿಯ ಸೊಪ್ಪು ಬೆರೆಸಿದ ಪಾನೀಯ ಕುಡಿದು, ಕಂಬಗಳ ಸಾಲಿನ ದೊಡ್ಡ ಸಭಾಂಗಣವನ್ನು ರಾತ್ರಿ ಹೊಕ್ಕುತ್ತಿದ್ದರು. ಗ್ರೀಕ್ ಮಾತು ಬಲ್ಲವರಾಗಿದ್ದು ಕೈಗೆ ಕೊಲೆಯ ಕಳಂಕ ಅಂಟಿರದಿದ್ದರೆ ಹೆಂಗಸರಿಗೂ ಗುಲಾಮರಿಗೂ ಪ್ರವೇಶವಿತ್ತು. ಒಳಗೆ ಕಂಡದ್ದನ್ನು ಹೊರಗೆ ಹೇಳಿದರೆ ಮರಣದಂಡನೆ. ಕ್ರಿ.ಪೂ. 415ರಲ್ಲಿ ಸಿಸಿಲಿಯ ದಂಡಯಾತ್ರೆಗೆ ಹೊರಟ ಸೇನಾನಿ ಆಲ್ಸಿಬಯಡೀಸ್ ಈ ವಿಧಿಗಳನ್ನು ಖಾಸಗಿ ಮನೆಯಲ್ಲಿ ಅಣಕವಾಡಿದನೆಂಬ ಆರೋಪ ಬಂತು. ವಿಚಾರಣೆಗೆ ಕರೆದಾಗ ಅವನು ತಪ್ಪಿಸಿಕೊಂಡು ಹೋದ, ಅವನ ಬೆನ್ನ ಹಿಂದೆಯೇ ಮರಣದಂಡನೆ ವಿಧಿಸಿದರು.

ಈ ದೀಕ್ಷೆ ಪಡೆದವನು 'ಮ್ಯುಸ್ತೆಸ್'. ಆ ವಿಧಿಗಳು 'ಮ್ಯುಸ್ತೇರಿಯ'. ಇಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಎಂಬ ಅರ್ಥವಿಲ್ಲ. ಸಾವಿರಾರು ಜನಕ್ಕೆ ಗೊತ್ತಿತ್ತು, ಅವರು ಬಾಯಿ ಬಿಡಲಿಲ್ಲ, ಅಷ್ಟೇ. ಬಹುಪಾಲು ನಿಘಂಟುಗಳು ಈ ಪದವನ್ನು ಮುಚ್ಚುವುದು ಎಂಬ ಅರ್ಥದ ಮ್ಯುಯೊಗೆ ಜೋಡಿಸುತ್ತವೆ. ಮುಚ್ಚಿದ್ದು ಬಾಯನ್ನೋ ಕಣ್ಣನ್ನೋ ಎಂಬುದರಲ್ಲಿ ಒಮ್ಮತವಿಲ್ಲ; ನಾನಂತೂ ಒಂದರ ಪರವಾಗಿ ತೀರ್ಪು ಕೊಡಲಾರೆ. ಕಣ್ಣಿನ ವೈದ್ಯರು ಬರೆಯುವ ಮಯೋಪಿಯದಲ್ಲಿಯೂ ಇರುವುದು ಇದೇ ಧಾತು: ದೂರದ್ದನ್ನು ನೋಡಲು ಕಣ್ಣು ಕಿರಿದು ಮಾಡುವವನು. ಮುಂದೆ ಸಂತ ಪೌಲನ ಪತ್ರಗಳಲ್ಲಿ ದೇವರ ಗುಟ್ಟು ಎಂಬರ್ಥ ಪಡೆದು, ಲ್ಯಾಟಿನ್ ಹಾಗೂ ಫ್ರೆಂಚ್ ದಾಟಿ, ಪದ 14ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಪತ್ತೇದಾರಿ ಕಾದಂಬರಿಯ ಅರ್ಥ ಬಹಳ ಈಚಿನದು.

ಈಗ ಮುಚ್ಚು. ಮ್ಯುಸ್ತೆಸ್‌ನಲ್ಲಿರುವ 'ತೆಸ್' ಮಾಡುವವನನ್ನು ಸೂಚಿಸುವ ಗ್ರೀಕ್ ಪ್ರತ್ಯಯ. ಅದನ್ನು ಕಳಚಿಟ್ಟು ಮ್ಯುಯೊದ ಜೊತೆಗೆ ಹೋಲಿಸಿದರೆ ಎರಡಕ್ಕೂ ಸಮಾನವಾಗಿ ಉಳಿಯುವುದು 'ಮ್ಯು' ಎಂಬ ಒಂದೇ ಅಕ್ಷರ. ನಮ್ಮ ಮುಚ್ಚುವಿನ 'ಚ್ಚು' ಅಲ್ಲಿ ಎಲ್ಲಿದೆ? ಒಂದು ಅಕ್ಷರದ ಹೋಲಿಕೆಯನ್ನು ಜಗತ್ತಿನ ಯಾವ ಎರಡು ಭಾಷೆಗಳ ನಡುವೆಯೂ ತೋರಿಸಬಹುದು. ತುಟಿ ಕೂಡಿಸಿದಾಗ ಹೊರಡುವ ಸದ್ದೇ 'ಮ್' ಆದ್ದರಿಂದ ಬಾಯಿ ಮುಚ್ಚುವುದಕ್ಕೆ ಸಂಬಂಧಿಸಿದ ಪದಗಳು ಹಲವು ಭಾಷೆಗಳಲ್ಲಿ ಮಕಾರದಿಂದ ತೊಡಗುವುದು ಸಹಜ. ಸಂಸ್ಕೃತದ ಮೂಕವನ್ನೂ ಲ್ಯಾಟಿನ್ನಿನ 'ಮೂತುಸ್' ಅನ್ನೂ ವಿದ್ವಾಂಸರು ಹೀಗೆ ನೋಡುತ್ತಾರೆ. ಅಂಥ ಸಾಮ್ಯದಿಂದ ಸಾಲದ ಲೆಕ್ಕ ಬರೆಯಲಾಗದು.

ಪದದ ನಂಟು ಸಾಬೀತಾಗುವುದು ನಿಯಮದಿಂದ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಲ್ಲು ಹಲ್ಲಾಯಿತು. ಒಂದು ಪದಕ್ಕೆ ಆದದ್ದು ಸಾಲುಸಾಲು ಪದಗಳಿಗೆ ಆಯಿತು, ಅದು ಯಾವ ಕಾಲದಲ್ಲಿ ಆಯಿತೆಂಬುದನ್ನು ಶಾಸನಗಳಲ್ಲಿ ತೋರಿಸಬಹುದು. ಯೋಗಿ ಜೋಗಿಯಾದ, ಶಶಿ ಸಸಿಯಾದ ಬಗೆಯನ್ನು ಕೇಶಿರಾಜ 13ನೆಯ ಶತಮಾನದಲ್ಲಿಯೇ ಸೂತ್ರಗಳಲ್ಲಿ ಕಟ್ಟಿಟ್ಟ. ಮುಚ್ಚುವಿನಿಂದ ಮ್ಯುಯೊ ಆಯಿತು ಎನ್ನುವವರು ಕನ್ನಡದ 'ಚ್ಚ' ಗ್ರೀಕಿನಲ್ಲಿ ಹೀಗೆ ಅಳಿದುಹೋದ ಇನ್ನೂ ನಾಲ್ಕು ಪದಗಳನ್ನು ಕೊಡಲಿ. ನಾನು ಕೇಳಿದಾಗಲೆಲ್ಲ ಉತ್ತರವಾಗಿ ಬಂದದ್ದು ಮತ್ತೊಂದು ಹೋಲಿಕೆ. ಹೊಲ ನನ್ನದೆನ್ನಲು ಪಹಣಿ, ಕ್ರಯಪತ್ರ ಬೇಕು. ಹೊಲದ ಬದು ನಮ್ಮ ಬದುವಿನ ಹಾಗೆಯೇ ಇದೆ ಎಂದರೆ ಯಾವ ತಹಸೀಲ್ದಾರರೂ ಒಪ್ಪುವುದಿಲ್ಲ.

ಸದ್ದು ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಬದನಾಮಿಯಲ್ಲಿರುವ ಪಾರಸಿ 'ಬದ್'. ಅದಕ್ಕೂ ಇಂಗ್ಲಿಷಿನ 'ಬ್ಯಾಡ್'ಗೂ ಅರ್ಥ ಒಂದೇ, ಸದ್ದು ಹೆಚ್ಚುಕಡಿಮೆ ಒಂದೇ. ಆದರೆ ಸಂಬಂಧವಿಲ್ಲ. ಪಾರಸಿ ಪದ ಅದರ ಹಳೆಯ ರೂಪದಲ್ಲಿ 'ವದ್' ಎಂದಿತ್ತು. ಹಿಂದೆ ಹೋದಷ್ಟೂ ಎರಡೂ ದೂರ ಸರಿಯುತ್ತವೆ. ಇದಕ್ಕೆ ವಿರುದ್ಧವಾಗಿ ನಮ್ಮ ಚಕ್ರ, ಇಂಗ್ಲಿಷಿನ ವೀಲ್, ಗ್ರೀಕಿನಿಂದ ಬಂದ ಸೈಕಲ್ ಮೂರೂ ಒಂದೇ ಬೇರಿನವು. ಕಿವಿಗೆ ಅದು ತಿಳಿಯುವುದೇ ಇಲ್ಲ. ಮಿಸ್ಟ್ ಎಂಬುದರ ನಿಜವಾದ ನಂಟ ಸಂಸ್ಕೃತದ ಮೇಘ, ಮಿಸ್ಟರಿ ಅಲ್ಲ.

ಕೆಲವರು ಇಲ್ಲಿಗೂ ಬಿಡುವುದಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡವಿಲ್ಲವೇ ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. 1903ರಲ್ಲಿ ಅಚ್ಚಾದ ಆ ಪಪೈರಸ್ ಸುಮಾರು ಕ್ರಿ.ಶ. 2ನೆಯ ಶತಮಾನದ್ದು. ಭಾರತದ ತೀರದಲ್ಲಿ ಸೆರೆಯಾದ ಗ್ರೀಕ್ ಹೆಣ್ಣಿನ ಕಥೆ ಅದು. ಅಲ್ಲಿನ ಜನ ಆಡುವ ಕೆಲವು ಮಾತುಗಳನ್ನು ಜರ್ಮನ್ ವಿದ್ವಾಂಸ ಹುಲ್ಚ್ ಕನ್ನಡವೆಂದು ಓದಿದರು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದನ್ನು ಮುಂದುವರಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಕನ್ನಡವೇ ಎಂದು ಒಪ್ಪಿಕೊಳ್ಳೋಣ. ಆದರೂ ಅರಿಸ್ಟೋಫನೀಸ್ ತನ್ನ ನಾಟಕವೊಂದರಲ್ಲಿ ದೀಕ್ಷೆ ಪಡೆದವರ ಮೇಳವನ್ನು ಇದೇ 'ಮ್ಯುಸ್ತೆಸ್' ಎಂಬ ಹೆಸರಿನಿಂದ ರಂಗಕ್ಕೆ ತಂದದ್ದು ಕ್ರಿ.ಪೂ. 405ರಲ್ಲಿ. ಗ್ರೀಸಿನ ಪಿಲೋಸ್‌ನ ಅರಮನೆಯಲ್ಲಿ ಸಿಕ್ಕ, ಸುಮಾರು ಕ್ರಿ.ಪೂ. 1200ರ ಜೇಡಿಮಣ್ಣಿನ ಹಲಗೆಯೊಂದರಲ್ಲಿ ಅರಸನ ದೀಕ್ಷೆಯನ್ನು ಕುರಿತು ಇದೇ ಧಾತುವಿನ ರೂಪವಿದೆ ಎಂದು ಹಲವರು ಓದುತ್ತಾರೆ. ಆ ಓದು ನಿಲ್ಲುವುದಾದರೆ ಪ್ರಹಸನಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಪದ ಗ್ರೀಕರ ಮನೆಯಲ್ಲಿತ್ತು.

ಇನ್ನು ಗುತ್ತಿಗೆದಾರರ ಮೇಸ್ತ್ರಿ. ಇಂಗ್ಲಿಷಿನಲ್ಲಿ ಮಿಸ್ಟರಿ ಎಂಬ ಇನ್ನೊಂದು ಪದವಿತ್ತು, ಕಸುಬು ಎಂಬ ಅರ್ಥದಲ್ಲಿ. ಹುಡುಗನೊಬ್ಬ ಬಡಗಿಯ ಬಳಿ ಕಲಿಯಲು ಸೇರುವಾಗ ಬರೆಯುತ್ತಿದ್ದ ಕರಾರಿನಲ್ಲಿ ಕಸುಬಿನ 'ಆರ್ಟ್ ಅಂಡ್ ಮಿಸ್ಟರಿ'ಯನ್ನು ಕಲಿಸತಕ್ಕದ್ದು ಎಂಬ ಮಾತಿರುತ್ತಿತ್ತು. ಇದು ಎಲ್ಯೂಸಿಸ್‌ನದಲ್ಲ, ಸೇವೆ ಎಂಬರ್ಥದ ಲ್ಯಾಟಿನ್ 'ಮಿನಿಸ್ತೇರಿಯುಂ'ನದು. ಫ್ರೆಂಚರ 'ಮೆತಿಯೆ' ಕೂಡ ಅದರದೇ. ಮಧ್ಯಯುಗದ ಬರಹಗಾರರು ಎರಡನ್ನೂ ಬೆರೆಸಿದರು. ಜೊತೆಗೆ ಒಡೆತನ, ಪಳಗಿಕೆ ಎಂಬರ್ಥದ 'ಮೈಸ್ತ್ರಿ' ಎಂಬ ಹಳೆಯ ರೂಪವೂ, ಅಂದರೆ ಇಂದಿನ ಮಾಸ್ಟರಿ, ಅದರೊಳಗೆ ಬೆರೆಯಿತು. ಇದರ ಬೇರು ಲ್ಯಾಟಿನ್ 'ಮಾಗಿಸ್ತೆರ್'. ಅದೇ ಮಾಗಿಸ್ತೆರ್ ಪೋರ್ಚುಗೀಸರ ಬಾಯಲ್ಲಿ 'ಮೆಸ್ತ್ರೆ'ಯಾಗಿ ಚಾವಿ, ಪಗಾರಗಳ ಜೊತೆಗೆ ನಮ್ಮ ಕರಾವಳಿಗೆ ಇಳಿಯಿತು, ಮೇಸ್ತ್ರಿಯಾಯಿತು. ಗುತ್ತಿಗೆದಾರರ ತೀರ್ಮಾನ ತಪ್ಪು. ಆದರೆ ಕಸುಬುದಾರನಿಗಷ್ಟೇ ತಿಳಿದ ಗುಟ್ಟು ಎಂದು ಅವರು ಊಹಿಸಿದ ನೆಂಟಸ್ತಿಕೆ ಇಂಗ್ಲಿಷಿನವರ ಕಿವಿಯಲ್ಲಿ ನಿಜಕ್ಕೂ ಇತ್ತು. ಅವರಿಗೆ ಉದ್ದವಾದ ಉತ್ತರ ಬರೆದೆ.

ಆ ಉತ್ತರದಲ್ಲಿ ಕೇಳಿದ್ದನ್ನು ಇಲ್ಲಿಯೂ ಕೇಳುತ್ತೇನೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಆಳುಗಳನ್ನು ಕರೆತಂದು ಕೆಲಸ ಮಾಡಿಸುವವನಿಗೂ ಮೇಸ್ತ್ರಿ ಎಂದೇ ಹೆಸರು. ನಿಮ್ಮ ಮನೆಯ ಅಟ್ಟದಲ್ಲಿ ತೋಟದ ಹಳೆಯ ಕೂಲಿ ಪುಸ್ತಕ, ಕರಾವಳಿಯ ಕಟ್ಟಡದ ಲೆಕ್ಕ, ಮೇಸ್ತ್ರಿಯ ಹೆಸರಿರುವ ಕರಾರು ಪತ್ರ ಏನಾದರೂ ಇದ್ದರೆ, ತಾರೀಖು ಕಾಣುವಂತೆ ಆ ಪುಟದ ಚಿತ್ರ ತೆಗೆದು ಕಳುಹಿಸಿ. ಕಾಗದ ಹರಿದಿದ್ದರೂ ಪರವಾಗಿಲ್ಲ, ತಾರೀಖು ಇರಲಿ.