ಕಾರವಾರದ ಕಡಲತೀರದಲ್ಲಿರುವುದು ಯಾವ ಜಾತಿಯ ಪೈನ್ ಮರ?

ಯಾವ ಜಾತಿಯದೂ ಅಲ್ಲ. ರಜೆ ಮುಗಿಯುತ್ತಿದ್ದಂತೆ ಫೋಟೊ ಸಮೇತ ಬರುವ ಪ್ರಶ್ನೆಯಿದು. ಮತ್ತೊಮ್ಮೆ ಹೇಳುತ್ತೇನೆ: ಅದು ಗಾಳಿಮರ. ಬಯಲುಸೀಮೆಯವರ ಸರ್ವೆ. 1868ರ ಸುಮಾರಿಗೆ ಬ್ರಿಟಿಷರು ಕಾರವಾರದಲ್ಲಿ ನೆಡಿಸಿದ್ದು.

"ಸೂಜಿ ಎಲೆ ಇದೆಯಲ್ಲ, ಕೋನ್ (ಪೈನಿನ ಚಕ್ಕೆ ಚಕ್ಕೆಯ ಕಾಯಿ) ಕೂಡ ಬಿಟ್ಟಿದೆಯಲ್ಲ" ಎಂಬ ವಾದ ಬಂದೇ ಬರುತ್ತದೆ. ಆ ಸೂಜಿಯ ಎರಡೂ ತುದಿ ಹಿಡಿದು ಎಳೆದು ನೋಡಿ. ಗೆಣ್ಣಿನಲ್ಲಿ ಟಕ್ಕೆಂದು ಕಳಚುತ್ತದೆ. ಕಳಚಿದಲ್ಲಿ ಸುತ್ತಲೂ 7–8 ಪುಟಾಣಿ ಹಲ್ಲು. ಎಲೆಗಳೆಂದರೆ ಅವೇ, ಕಣ್ಣಿಗೆ ಕಂಡೂ ಕಾಣದಷ್ಟು! ನೀವು ಸೂಜಿ ಎಂದುಕೊಂಡದ್ದು ಹಸಿರು ರೆಂಬೆ. ಪೈನ್ ಸೂಜಿಗೆ ಗೆಣ್ಣೇ ಇರುವುದಿಲ್ಲ. ಇನ್ನು ಆ 'ಕೋನ್': ಬರಿಗಾಲಿಗೆ ಚುಚ್ಚುವ ಆ ಗುಂಡು ಹೂಗೊಂಚಲು ಬಲಿತು ಆದದ್ದು. ಹೌದು, ಗಾಳಿಮರ ಹೂ ಬಿಡುತ್ತದೆ, ಪೈನ್ ಬಿಡುವುದಿಲ್ಲ. ಗಾಳಿಮರದ ದಾಯಾದಿಗಳು ಓಕ್ ಮತ್ತು ಅಕ್ರೋಟ. ಎತ್ತರಕ್ಕೆ ನೆಟ್ಟಗೆ ಬೆಳೆದ ಮಾತ್ರಕ್ಕೆ ಪೈನ್ ಆಗುವುದಾದರೆ ಅಡಿಕೆಯನ್ನೂ ಸೇರಿಸಿಕೊಳ್ಳಬೇಕಾದೀತು.

ನಿಜವಾದ ಪೈನ್ ಸಿಕ್ಕಾಗ ಮೊದಲು ಸೂಜಿ ಎಣಿಸಿ. ಅವು ಕಟ್ಟುಕಟ್ಟಾಗಿ ಹುಟ್ಟುತ್ತವೆ. ಉತ್ತರಾಖಂಡ, ಹಿಮಾಚಲದ ತಗ್ಗಿನ ಬೆಟ್ಟಗಳಲ್ಲಿ ಒಂದು ಕಟ್ಟಿಗೆ ಮೂರು, ಗೇಣುದ್ದ ಇದ್ದರೆ ಅದು ಚೀಡ್. ಇನ್ನೂ ಮೇಲೆ, ಮನಾಲಿಯ ಕಡೆ, ಐದೈದು ಸೂಜಿ, ಜೋತುಬಿದ್ದ ಉದ್ದನೆಯ ಕಾಯಿ ಕಂಡರೆ ಕೈಲ್. ಕಿನ್ನೌರದ ಚಿಲ್ಗೋಜಾಕ್ಕೂ ಮೂರೇ ಸೂಜಿ, ಆದರೆ ಗಿಡ್ಡ. ತೊಗಟೆ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಶಿಲ್ಲಾಂಗಿನ ಸುತ್ತ ಇರುವುದು ಖಾಸಿ ಪೈನ್, ಅದಕ್ಕೂ ಮೂರು. ಹಾಗಾಗಿ ಫೋಟೊ ಜೊತೆ ಊರಿನ ಹೆಸರನ್ನೂ ಬರೆಯಿರಿ, ಪುಣ್ಯ ಬರುತ್ತದೆ. ಮನಾಲಿಯ ಹಿಡಿಂಬಾ ಗುಡಿಯ ಸುತ್ತಲಿನ ಮರಗಳನ್ನಂತೂ ಕಳಿಸಬೇಡಿ, ಅವು ದೇವದಾರು.

ಕರ್ನಾಟಕದಲ್ಲಿ ತಾನಾಗಿ ಬೆಳೆದ ಪೈನ್ ಇಲ್ಲ. ಹಾಗೆಂದು ದಕ್ಷಿಣಕ್ಕೆ ಸ್ವಂತದ ಕೋನಿಫರ್ (ಪೈನ್, ದೇವದಾರುಗಳ ಗುಂಪಿನ ಮರ) ಇಲ್ಲವೇ ಎಂದು ಒಬ್ಬರೂ ಕೇಳಿಲ್ಲ. ಇದೆ, ಒಂದೇ ಒಂದು: ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ನಾಗೆಯಾ ವಾಲಿಚಿಯಾನಾ. ಅದಕ್ಕೆ ಸೂಜಿಯೂ ಇಲ್ಲ, ಚಕ್ಕೆ ಚಕ್ಕೆಯ ಕೋನೂ ಇಲ್ಲ. ಎಲೆ ಅಗಲ, ದಪ್ಪ, ಹೊಳಪು. ಪಕ್ಕದ ಮರಗಳ ನಡುವೆ ಗುರುತು ಹಿಡಿಯಬೇಕೆಂದರೆ ಎಲೆಯನ್ನು ಬೆಳಕಿಗೆ ಹಿಡಿಯಿರಿ: ನಡುನರವಿಲ್ಲ, ಬುಡದಿಂದ ತುದಿಯವರೆಗೆ ಸಾಲುಸಾಲು ಸಣ್ಣ ನರಗಳಷ್ಟೇ.