ಮಗುವಿಗೆ ಪದೇಪದೇ ಭೇದಿಯೇ? ನಾಯಿಗಿಂತ ಮೊದಲು ನೀರು ನೋಡಿ

ಮಗುವಿಗೆ ಮತ್ತೆ ಜಿಯಾರ್ಡಿಯಾ ಬಂದಿದೆ, ನಾಯಿಯನ್ನು ಎಲ್ಲಾದರೂ ಬಿಟ್ಟು ಬರಬೇಕಾ ಡಾಕ್ಟ್ರೇ? ಮಳೆಗಾಲ ಶುರುವಾದರೆ ಸಕಲೇಶಪುರ, ಮೂಡಿಗೆರೆ ಕಡೆಯವರು ನನ್ನಂಥ ಪಶುವೈದ್ಯರನ್ನು ಹೀಗೆ ಕೇಳುತ್ತಾರೆ. ಜಿಯಾರ್ಡಿಯಾ ಅಂದರೆ ಕರುಳಿನಲ್ಲಿ ಸೇರಿಕೊಂಡು ಭೇದಿ ಮಾಡಿಸುವ, ಕಣ್ಣಿಗೆ ಕಾಣದ ಪರೋಪಜೀವಿ. ಬೇಡ, ದಯವಿಟ್ಟು ಬಿಡಬೇಡಿ. ನಾಯಿ ಬೀದಿಪಾಲಾಗುತ್ತದೆ, ಮಗುವಿನ ಭೇದಿ ಹಾಗೇ ಉಳಿಯುತ್ತದೆ.

ಜಿಯಾರ್ಡಿಯಾದಲ್ಲಿ 8 ಗುಂಪುಗಳಿವೆ. ಮನುಷ್ಯರಿಗೆ ಸಾಮಾನ್ಯವಾಗಿ ತಗಲುವುದು ಎ ಮತ್ತು ಬಿ. ನಾಯಿಗಳಲ್ಲಿ ಹೆಚ್ಚಾಗಿ ಸಿಗುವುದು ಸಿ ಮತ್ತು ಡಿ, ಬೆಕ್ಕಿನಲ್ಲಿ ಎಫ್, ದನಗಳಲ್ಲಿ ಇ. ಎ, ಬಿ ಕೆಲವೊಮ್ಮೆ ನಾಯಿಯಲ್ಲೂ ಇರುತ್ತವೆ. ಹಾಗಾಗಿ ನಾಯಿಯಿಂದ ಬರುವುದೇ ಇಲ್ಲ ಅನ್ನಲಾರೆ, ಆದರೆ ಅದು ಅಪರೂಪ. ನಾಯಿಯ ಮಲದಲ್ಲಿ ಜಿಯಾರ್ಡಿಯಾ ಕಂಡ ಮಾತ್ರಕ್ಕೆ ಅದೇ ಮಗುವಿಗೆ ಬಂತು ಅನ್ನುವಂತಿಲ್ಲ. ಸೂಕ್ಷ್ಮದರ್ಶಕದಲ್ಲಿ ಗುಂಪು ಯಾವುದೆಂದು ಗೊತ್ತಾಗುವುದಿಲ್ಲ.

ಹಾಗಾದರೆ ಮತ್ತೆ ಮತ್ತೆ ಯಾಕೆ ಬರುತ್ತದೆ? ಮೊದಲು ನೀರು ನೋಡಿ. ಮಲೆನಾಡಿನ ಎಷ್ಟೋ ಮನೆಗಳಿಗೆ ಗುಡ್ಡದ ಒರತೆ ನೀರು ಪೈಪಿನಲ್ಲಿ ನೇರ ಬರುತ್ತದೆ. ಕನ್ನಡಿಯಂತೆ ತಿಳಿಯಾಗಿರುತ್ತದೆ, ಯಾರಿಗೂ ಅನುಮಾನವೇ ಬರುವುದಿಲ್ಲ. ಆದರೆ ತಣ್ಣನೆಯ ನೀರಿನಲ್ಲಿ ಈ ರೋಗಾಣುವಿನ ಸಿಸ್ಟ್, ಅಂದರೆ ಗಟ್ಟಿ ಕವಚದೊಳಗಿರುವ ಅದರ ರೂಪ, ತಿಂಗಳುಗಟ್ಟಲೆ ಬದುಕಬಲ್ಲದು. ಕ್ಲೋರಿನ್‌ಗೂ ಸುಲಭಕ್ಕೆ ಜಗ್ಗುವುದಿಲ್ಲ. ಹತ್ತಿಪ್ಪತ್ತು ಸಿಸ್ಟ್ ಹೊಟ್ಟೆಗೆ ಹೋದರೆ ಸಾಕು. ಸುಮ್ನೆ ಬೆಚ್ಚಗೆ ಮಾಡಿದರೆ ಆಗದು, ನೀರು ಕೊತಕೊತ ಕುದಿಯಲು ಶುರುವಾದ ಮೇಲೆ 1 ನಿಮಿಷ ಬಿಡಬೇಕು. ಕುಡಿಯುವ ನೀರನ್ನು ಕುದಿಸುವವರೂ ಮಜ್ಜಿಗೆಗೆ ನಲ್ಲಿ ನೀರನ್ನೇ ಬೆರೆಸುತ್ತಾರೆ, ಹಲ್ಲುಜ್ಜಲೂ ಅದೇ ನೀರು. ಅಲ್ಲೇ ತಪ್ಪುವುದು.

ಇನ್ನೊಂದು ವಿಷಯ. ಮನೆಯಲ್ಲಿ ಯಾವ ತೊಂದರೆಯೂ ಇಲ್ಲದೆ ಇದನ್ನು ಹೊತ್ತು ಓಡಾಡುವವರಿರಬಹುದು, ಚಿಕ್ಕ ಮಕ್ಕಳು ಜಾಸ್ತಿ. ಸಿಸ್ಟ್ ಮಲದಲ್ಲಿ ದಿನಾ ಹೊರಬೀಳುವುದಿಲ್ಲ, ಒಂದೇ ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು. ಬೇರೆ ಬೇರೆ ದಿನದ 3 ಮಾದರಿ ಕೊಡಬೇಕಾ ಎಂದು ನಿಮ್ಮ ವೈದ್ಯರನ್ನು ಕೇಳಿ. ರೋಗ ಹೋದ ಮೇಲೂ ಕೆಲವರಿಗೆ ಸ್ವಲ್ಪ ಕಾಲ ಹಾಲು ಜೀರ್ಣವಾಗುವುದಿಲ್ಲ. ಅದೂ ಭೇದಿಯೇ, ಆದರೆ ಹೊಸ ಸೋಂಕಲ್ಲ. ನೀವೇ ಅಂಗಡಿಯಿಂದ ಮಾತ್ರೆ ತಂದು ನುಂಗಿಸಬೇಡಿ.

ನನಗೆ ನಿಜವಾಗಿ ಚಿಂತೆ ಇರುವುದು ಯಾರೂ ಕೇಳದ ಪ್ರಾಣಿಯ ಬಗ್ಗೆ. ಕೊಟ್ಟಿಗೆಯ ಎಳೆಗರು! ಹುಟ್ಟಿ ಒಂದೆರಡು ವಾರದ ಕರು ಭೇದಿ ಮಾಡುತ್ತಿದ್ದರೆ ಅದರಲ್ಲಿ ಕ್ರಿಪ್ಟೋಸ್ಪೊರಿಡಿಯಂ ಎಂಬ, ಭೇದಿ ತರುವ ಇನ್ನೊಂದು ಪರೋಪಜೀವಿ ಇರಬಹುದು. ಇದು ಕರುವಿನಿಂದ ಮನುಷ್ಯರಿಗೆ ನೇರವಾಗಿ ಅಂಟುತ್ತದೆ. ಮಕ್ಕಳು ಕರುವನ್ನು ಅಪ್ಪಿಕೊಳ್ಳುತ್ತಾರೆ, ಬೆರಳು ಚೀಪಿಸುತ್ತಾರೆ, ಆಮೇಲೆ ಅದೇ ಕೈಯಲ್ಲಿ ತಿಂಡಿ. ಸ್ಯಾನಿಟೈಸರ್‌ಗೆ ಇದು ಸಾಯುವುದಿಲ್ಲ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಕೈ ಉಜ್ಜಿ ತೊಳೆಯಲೇಬೇಕು. ಭೇದಿ ಮಾಡುವ ಕರುವನ್ನು ಬೇರೆ ಕಟ್ಟಿ. ಹಾಲು ಕರೆಯುವುದು ಮುಗಿದ ಮೇಲೆ ಅದರ ಆರೈಕೆಗೆ ಹೋಗಿ. ಕೊಟ್ಟಿಗೆ ಚಪ್ಪಲಿ ಅಡುಗೆಮನೆಗೆ ಬರಬಾರದು. ಕರು ಗುಣವಾಗುವ ತನಕ ಪುಟ್ಟ ಮಕ್ಕಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಅದರ ಹತ್ತಿರ ಹೋಗುವುದು ಬೇಡ.

ನಾಯಿಮರಿಗೂ ಭೇದಿ ಇದ್ದರೆ ನಮ್ಮ ಹತ್ತಿರ ಕರೆತನ್ನಿ, ಮನುಷ್ಯರಿಗೂ ಭೇದಿ ತರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇದ್ದರೂ ಇರಬಹುದು. ಬರುವಾಗ ಅದರ ಮಲವನ್ನು ಶುದ್ಧ ಡಬ್ಬಿಯಲ್ಲಿ ತನ್ನಿ, ಅಂದಿನದೇ ಆಗಿರಲಿ.