ಬೋಯಿಂಗ್: ಹದಿನಾರು ಕಮಾನು ಒಂದೇ ಕಡೆ ಹೋಗುವುದು ಹೇಗೆ?

ಪಾಶ್ಚಾತ್ಯ ಸಂಗೀತದ ಆರ್ಕೆಸ್ಟ್ರಾ ವಿಡಿಯೊ ಸಿಕ್ಕಿದರೆ ಒಮ್ಮೆ ಸುಮ್ನೆ ಮೊದಲ ವಯಲಿನ್ ಗುಂಪನ್ನೇ ನೋಡಿ. ದೊಡ್ಡ ಆರ್ಕೆಸ್ಟ್ರಾ ಆದರೆ ಅಲ್ಲಿ 16 ಜನರವರೆಗೂ ಇರುತ್ತಾರೆ. ಅಷ್ಟೂ ಕಮಾನು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಯಾವ ಸ್ವರಕ್ಕೆ ಕಮಾನು ಯಾವ ಕಡೆ ಹೋಗಬೇಕು, ಒಂದು ಎಳೆತದಲ್ಲಿ ಎಷ್ಟು ಸ್ವರ ಬರಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದಕ್ಕೆ ಬೋಯಿಂಗ್ ಎನ್ನುತ್ತಾರೆ. ವಿಮಾನದ ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ!

ನೋಡೋಕೆ ಚೆಂದ ಅಂತ ಹೀಗೆ ಮಾಡುತ್ತಾರೆ ಅನಿಸಬಹುದು. ಆದರೆ ವಿಷಯ ಇರೋದು ದನಿಯಲ್ಲಿ. ವಯಲಿನ್ ಕಮಾನು ಸುಮಾರು 75 ಸೆಂ.ಮೀ. ಉದ್ದ. ಕೈ ಹಿಡಿಯುವ ಬುಡದಲ್ಲಿ ಭಾರ ಜಾಸ್ತಿ, ತುದಿ ಹಗುರ. ಬುಡದಿಂದ ತುದಿಗೆ ಎಳೆದರೆ ಡೌನ್ ಬೋ. ಸ್ವರ ಗಟ್ಟಿಯಾಗಿ ಹುಟ್ಟಿ ತೆಳುವಾಗುತ್ತಾ ಹೋಗುತ್ತದೆ. ತುದಿಯಿಂದ ಬುಡಕ್ಕೆ ತಳ್ಳಿದರೆ ಅಪ್ ಬೋ. ಇಲ್ಲಿ ದನಿ ಏರಿಸುವುದು ಸುಲಭ. ನುರಿತವರು ಎರಡನ್ನೂ ಒಂದೇ ಥರ ಕೇಳಿಸಬಲ್ಲರು, ನಿಜ. ಆದರೂ ಒಬ್ಬೊಬ್ಬರು ಒಂದೊಂದು ಕಡೆ ಎಳೆದರೆ ಒತ್ತು ಎಲ್ಲೆಲ್ಲೋ ಬೀಳುತ್ತದೆ. ನಮ್ಮ ಸಂಗೀತ ಕಚೇರಿಯಲ್ಲಿ ಈ ತಲೆನೋವಿಲ್ಲ. ಪಿಟೀಲು ಪಕ್ಕವಾದ್ಯದವರು ಸಾಮಾನ್ಯವಾಗಿ ಒಬ್ಬರೇ. ಹಾಡುವವರನ್ನು ನೋಡಿಕೊಂಡು ಆ ಕ್ಷಣಕ್ಕೆ ತೋಚಿದಂತೆ ಕಮಾನು ತಿರುಗಿಸುತ್ತಾರೆ.

ಆರ್ಕೆಸ್ಟ್ರಾದಲ್ಲಿ ಕೆಲವು ಸಲ ಸಂಯೋಜಕರೇ ಬೋಯಿಂಗ್ ಬರೆದಿಟ್ಟಿರುತ್ತಾರೆ. 1913ರಲ್ಲಿ ಪ್ಯಾರಿಸ್ಸಿನಲ್ಲಿ ಗಲಾಟೆ ಎಬ್ಬಿಸಿದ ಸ್ಟ್ರಾವಿನ್‌ಸ್ಕಿಯ 'ದಿ ರೈಟ್ ಆಫ್ ಸ್ಪ್ರಿಂಗ್' ಬ್ಯಾಲೆಯ ಸಂಗೀತದಲ್ಲಿ ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ಕುಟ್ಟುವ ಜಾಗವಿದೆ. ಅಲ್ಲಿ ಎಲ್ಲವೂ ಡೌನ್ ಬೋ. ಪ್ರತಿ ಸಲ ಕಮಾನು ಎತ್ತಿ, ಬುಡಕ್ಕೆ ತಂದು, ಮತ್ತೆ ಎಳೆಯಬೇಕು. ಆ ಒರಟುತನ ಬರುವುದೇ ಅದರಿಂದ.

ಎಲ್ಲರೂ ಒಟ್ಟಿಗೆ ತಿರುಗಿಸಬಾರದ ಜಾಗಗಳೂ ಉಂಟು. ಸಂಯೋಜಕ ಮಾಹ್ಲರ್‌ನ ಮೊದಲ ಸಿಂಫನಿಯ ಶುರುವಿನಲ್ಲಿ ತಂತಿವಾದ್ಯದವರು 'ಎ' ಸ್ವರವನ್ನು ಬಹಳ ಮೆಲ್ಲಗೆ, ಬಹಳ ಹೊತ್ತು ಹಿಡಿದಿರಬೇಕು. ಕಮಾನು ಅಷ್ಟು ಉದ್ದ ಎಲ್ಲಿಂದ ಬರಬೇಕು? ಪಕ್ಕಪಕ್ಕ ಕೂತವರು ಬೇರೆ ಬೇರೆ ಹೊತ್ತಿಗೆ ತಿರುಗಿಸಿಕೊಳ್ಳುತ್ತಾರೆ. ಸಭೆಗೆ ಎಲ್ಲೂ ಕೊಂಡಿ ಕಳಚಿದಂತೆ ಕೇಳುವುದಿಲ್ಲ. ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಕಂಡಕ್ಟರ್ (ಎದುರು ನಿಂತು ಆರ್ಕೆಸ್ಟ್ರಾ ನಡೆಸುವವರು) ಆಗಿದ್ದ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ಇದನ್ನೇ ಪದ್ಧತಿ ಮಾಡಿಕೊಂಡು, ಕಮಾನನ್ನು ನಿಮ್ಮ ಇಷ್ಟದಂತೆ ಎಳೆಯಿರಿ ಎಂದು ಬಿಟ್ಟುಬಿಟ್ಟರು. ಆ ಆರ್ಕೆಸ್ಟ್ರಾದ ತುಂಬಿ ಹರಿಯುವ ದನಿಗೆ ಅದೂ ಒಂದು ಕಾರಣ. ಕೇಳೋಕೆ ಸೊಗಸು, ಆದರೆ ಉಳಿದವರು ಹೆಚ್ಚಾಗಿ ಆ ದಾರಿ ಹಿಡಿಯಲಿಲ್ಲ.

ಇದರ ಹಿಂದಿನ ಕೆಲಸ ಮಾತ್ರ ಪೂರ್ತಿ ಗುಮಾಸ್ತಿಕೆ. ಮೊದಲ ವಯಲಿನ್‌ಗಳ ಮುಖ್ಯಸ್ಥರಾದ ಕನ್ಸರ್ಟ್‌ಮಾಸ್ಟರ್ ತಮ್ಮ ಸ್ವರಲಿಪಿಯ ಪ್ರತಿಯಲ್ಲಿ ಗುರುತು ಹಾಕುತ್ತಾರೆ. ಕೆಳಗೆ ಬಾಯಿ ತೆರೆದ ಚೌಕ ಇದ್ದರೆ ಡೌನ್, 'ವಿ' ಅಕ್ಷರ ಇದ್ದರೆ ಅಪ್. ಅದನ್ನು ನೋಡಿಕೊಂಡು ಎರಡನೇ ವಯಲಿನ್, ವಿಯೋಲಾ, ಚೆಲ್ಲೊ, ಬಾಸ್ ಎಂಬ ಉಳಿದ ತಂತಿವಾದ್ಯ ಗುಂಪುಗಳ ಮುಖ್ಯಸ್ಥರು ತಮ್ಮದನ್ನು ಹೊಂದಿಸುತ್ತಾರೆ. ಆಮೇಲೆ ಆರ್ಕೆಸ್ಟ್ರಾದ ಲೈಬ್ರರಿಯನ್ ಕೂತು, ಸ್ವರಲಿಪಿ ಇಡುವ ಪ್ರತಿಯೊಂದು ಸ್ಟ್ಯಾಂಡಿನ ಪ್ರತಿಗೂ ಅದನ್ನು ಪೆನ್ಸಿಲ್‌ನಲ್ಲಿ ಇಳಿಸುತ್ತಾರೆ. ಒಂದು ಸ್ಟ್ಯಾಂಡಿಗೆ ಇಬ್ಬರು ಅಂದರೂ ಹದಿನಾರು ಜನಕ್ಕೆ ಎಂಟು ಪ್ರತಿ, ಅದೂ ಒಂದೇ ಗುಂಪಿಗೆ!

ಇಷ್ಟೆಲ್ಲ ಆದಮೇಲೆ ರಿಹರ್ಸಲ್‌ನಲ್ಲಿ ಕಂಡಕ್ಟರ್ 'ಇಲ್ಲಿ ಇನ್ನೂ ಮೆತ್ತಗೆ ಬೇಕು' ಅಂದುಬಿಡಬಹುದು. ಕನ್ಸರ್ಟ್‌ಮಾಸ್ಟರ್ ಹಿಂದೆ ತಿರುಗಿ ಕಮಾನಿನಲ್ಲೇ ಹೊಸ ದಾರಿ ತೋರಿಸುತ್ತಾರೆ. ಸುದ್ದಿ ಸಾಲು ಸಾಲಾಗಿ ಹಿಂದಕ್ಕೆ ಹೋಗುತ್ತದೆ. ಪ್ರತಿ ಸ್ಟ್ಯಾಂಡಿನಲ್ಲಿ ಒಳಗಡೆ ಕೂತವರು, ಅಂದರೆ ಪುಟ ತಿರುಗಿಸುವ ಹೊಣೆ ಇರುವವರು, ಹಳೆಯದನ್ನು ಅಳಿಸಿ ಹೊಸದನ್ನು ಗೀಚಿಕೊಳ್ಳುತ್ತಾರೆ. ಸ್ಟ್ಯಾಂಡಿನ ಮೇಲೆ ಯಾವಾಗಲೂ ಒಂದು ಪೆನ್ಸಿಲ್ ಇರುವುದು ಇದಕ್ಕೇ.

ಪ್ರತಿಗಳು ಪ್ರಕಾಶಕರಿಂದ ಬಾಡಿಗೆಗೆ ಬಂದಿದ್ದರೆ, ಕಚೇರಿ ಮುಗಿದ ಮೇಲೆ ಗುರುತುಗಳನ್ನು ಅಳಿಸಿ ವಾಪಸ್ ಕೊಡುವ ಕರಾರೂ ಇರಬಹುದು. ಆಗ ಲೈಬ್ರರಿಯನ್ ರಬ್ಬರ್ ಹಿಡಿದು ಕೂರಬೇಕು. ಮುಂದೆ ಬಾಡಿಗೆಗೆ ತರಿಸಿಕೊಳ್ಳುವವರ ಬೋಯಿಂಗ್ ಬೇರೆಯೇ ಇರುತ್ತದೆ, ಅಲ್ವಾ?